ಮೂರನೇ ಯಂತ್ರದ ಕೆಲಸಗಾರ

ದೆವ್ವ-ಭೂತದ ಅನುಭವಗಳನ್ನು ಯಾರಾದರೂ ಹೇಳಲು ಶುರು ಮಾಡಿದರೆ ನಾನು ಕೇಳುತ್ತಿದ್ದ ಪ್ರಶ್ನೆ ಒಂದೇ: ‘ನಿಮ್ಮೊಬ್ಬರಿಗೇ ಕಂಡಿತೋ, ಇನ್ಯಾರಿಗಾದರೂ ಕಂಡಿತೋ?’ ನನಗೊಬ್ಬನಿಗೇ ಎಂದರೆ ನಕ್ಕು ಕಾಫಿಗೆ ಎದ್ದುಬಿಡುತ್ತಿದ್ದೆ. ನನ್ನ ಕೆಲಸವೇ ಆ ಬುದ್ಧಿ ಕಲಿಸಿತ್ತು. ವಿಡಿಯೊ ಗೇಮುಗಳು ಮಾರುಕಟ್ಟೆಗೆ ಬರುವ ಮುಂಚೆ ಅವನ್ನು ಆಡಿ, ತಪ್ಪು ಹುಡುಕಿ ಬರೆದುಕೊಡುವವರು ನಾವು. ಕೇಳಿದವರಿಗೆ ಹೊಟ್ಟೆಕಿಚ್ಚಾಗುತ್ತದೆ. ಒಂದೇ ಗೋಡೆಗೆ ದಿನವಿಡೀ ಡಿಕ್ಕಿ ಹೊಡೆದು ಅದು ಗೋಡೆಯೇ ಹೌದೋ ಅಲ್ಲವೋ ಎಂದು ಪರೀಕ್ಷಿಸುವ ಕರ್ಮ ಅವರಿಗೇನು ಗೊತ್ತು.

ಆಗ ನಾನು ವೈಟ್‌ಫೀಲ್ಡಿನ ಒಂದು ಕಚೇರಿಯಲ್ಲಿ ಹದಿನಾಲ್ಕು ಜನರ ತಂಡಕ್ಕೆ ಮುಖ್ಯಸ್ಥನಾಗಿದ್ದೆ. ನಮ್ಮಲ್ಲಿ ಒಂದು ನಿಯಮವಿತ್ತು. ಒಬ್ಬರು ತಪ್ಪು ಕಂಡೆ ಎಂದು ಬರೆದರೆ ಇನ್ನೊಬ್ಬರು ಅದೇ ಕಂಪ್ಯೂಟರಿನಲ್ಲಿ ಕೂತು, ಅದೇ ಕ್ರಮದಲ್ಲಿ ಹತ್ತು ಸಲ ಆಡಿ ನೋಡಬೇಕು. ಹತ್ತರಲ್ಲಿ ಒಂದು ಸಲ ಕಂಡರೂ ಸಾಕು, ಅದು ತಪ್ಪೇ. ಒಮ್ಮೆಯೂ ಕಾಣದಿದ್ದರೆ ‘ಮರುಕಳಿಸಲಿಲ್ಲ’ ಎಂದು ಬರೆದು ಮುಚ್ಚಿಬಿಡುವುದು.

ನಳಿನಿ ಬರೆದದ್ದನ್ನು ಹಾಗೆ ಮುಚ್ಚುವ ಪ್ರಸಂಗ ಬರುತ್ತಲೇ ಇರಲಿಲ್ಲ. ನಾಗಸಂದ್ರದ ಹುಡುಗಿ, ಗುತ್ತಿಗೆಯ ಮೇಲೆ ಸೇರಿದ್ದಳು. ಅವಳ ಅಪ್ಪ ಪೀಣ್ಯದ ಒಂದು ಶೆಡ್ಡಿನಲ್ಲಿ ತಗಡು ಒತ್ತುವ ಪ್ರೆಸ್ ಯಂತ್ರ ನಡೆಸುತ್ತಿದ್ದವರು, ಹಿಂದಿನ ವರ್ಷ ತೀರಿಕೊಂಡಿದ್ದರು. ಆ ದಿನಗಳಲ್ಲಿ ನಾವು ಪರೀಕ್ಷಿಸುತ್ತಿದ್ದ ವಿದೇಶದ ಗೇಮಿನಲ್ಲೂ ಒಂದು ಕಾರ್ಖಾನೆ ಬರುತ್ತಿತ್ತು. ಸೈರನ್ ಕೂಗಿದ ತಕ್ಷಣ ಅದರ ಕೆಲಸಗಾರರೆಲ್ಲ ಬಾಗಿಲಿನತ್ತ ಓಡಬೇಕು. ಒಂದು ಸೋಮವಾರ ನಳಿನಿ ಬರೆದಳು: ಮೂರನೇ ಯಂತ್ರದ ಕೆಲಸಗಾರ ಓಡುವುದಿಲ್ಲ, ತಿರುಗಿ ನಿಂತು ‘ಊಟ ತಂದ್ಯಾ?’ ಎಂದು ಕನ್ನಡದಲ್ಲಿ ಕೇಳುತ್ತಾನೆ.

ಆ ಗೇಮಿನಲ್ಲಿ ಕನ್ನಡದ ಒಂದು ಅಕ್ಷರವೂ ಇರಲಿಲ್ಲ. ಗೇಮು ತಯಾರಿಸಿದ ಕಂಪನಿಯವರು ನಾವು ತಮಾಷೆ ಮಾಡುತ್ತಿದ್ದೇವೆಂದು ರೇಗಿದರು. ನಮ್ಮ ಮ್ಯಾನೇಜರ್ ನನ್ನನ್ನು ಕರೆದು, “ನೀವೇ ಕೂತು ಹತ್ತು ಸಲ ನೋಡಿ. ಬರ್ಲಿಲ್ಲ ಅಂದ್ರೆ ಶುಕ್ರವಾರ ಅವಳನ್ನ ಕಳಿಸಿಬಿಡೋಣ,” ಎಂದರು.

ನಾನು ನಳಿನಿಯನ್ನು ಎದುರಿನ ಟೀ ಅಂಗಡಿಗೆ ಕರೆದುಕೊಂಡು ಹೋದೆ. “ವಾಪಸ್ ತಗೊಂಡ್ಬಿಡಮ್ಮ. ಸುಸ್ತಾಗಿತ್ತು, ಏನೋ ಕೇಳಿಸ್ದಂಗಾಯ್ತು ಅಂತ ಬರೆದ್ರೆ ಮುಗೀತು,” ಎಂದೆ.

ಅವಳು ಟೀ ಲೋಟವನ್ನು ಕಟ್ಟೆಯ ಮೇಲಿಟ್ಟಳು. “ಅದು ನಮ್ಮಪ್ಪನ ದನಿ ಸಾರ್. ಶನಿವಾರ ಸ್ಕೂಲ್ ಬಿಟ್ಮೇಲೆ ನಾನೇ ಶೆಡ್ಡಿಗೆ ಡಬ್ಬಿ ತಗೊಂಡ್ ಹೋಗ್ತಿದ್ದೆ. ಹಂಗೇ ಕೇಳೋರು. ನೋಡಿದ್ದನ್ನ ಬರೆಯೋದೇ ಅಲ್ವಾ ಸಾರ್ ನಮ್ ಕೆಲ್ಸ? ಇಲ್ಲ ಅಂತ ಹೆಂಗ್ ಬರೀಲಿ?”

ಅಪ್ಪನನ್ನು ಕಳೆದುಕೊಂಡ ಸಂಕಟ ಅವಳನ್ನು ಹೀಗೆ ಆಡಿಸುತ್ತಿದೆ ಎಂದುಕೊಂಡೆ. ಕನಿಕರವಾಯಿತು, ಸ್ವಲ್ಪ ಸಿಟ್ಟೂ ಬಂತು. ಇಷ್ಟು ಜಾಣೆ, ಇಷ್ಟು ಸಣ್ಣ ಸುಳ್ಳು ಹೇಳಲು ಬಾರದೇ?

ಶುಕ್ರವಾರ ಊಟವಾದ ಮೇಲೆ ಅವಳನ್ನು ಮೇಲಿನ ಮಹಡಿಯ ಕೋಣೆಗೆ ಕರೆಸಿ ಕೂರಿಸಿದ್ದರು. ನನ್ನ ವರದಿ ಹೋದ ಮೇಲೆ ಮುಂದಿನ ಮಾತು. ನಾನು ಅವಳ ಕುರ್ಚಿಯಲ್ಲಿ ಕೂತು ಹೆಡ್‌ಫೋನ್ ಹಾಕಿಕೊಂಡೆ. ಒಂಬತ್ತು ಸಲ ಆಡಿದೆ. ಒಂಬತ್ತು ಸಲವೂ ಸೈರನ್ ಕೂಗಿತು, ಎಲ್ಲರೂ ಓಡಿದರು, ಮೂರನೇ ಯಂತ್ರದವನೂ ಓಡಿದ. ನನಗೆ ಆಕಳಿಕೆ ಬರುತ್ತಿತ್ತು.

ಹತ್ತನೇ ಸಲ ಅವನು ಓಡಲಿಲ್ಲ. ಉಳಿದವರು ಹೋಗುವವರೆಗೂ ಬೆನ್ನು ಹಾಕಿ ನಿಂತಿದ್ದ. ಆಮೇಲೆ ಬಟ್ಟೆಗೆ ಕೈ ಒರೆಸಿಕೊಳ್ಳುತ್ತಾ ನಿಧಾನವಾಗಿ ತಿರುಗಿದ. ಮುಖ ಎಲ್ಲ ಕೆಲಸಗಾರರಿಗೂ ಇಟ್ಟಿದ್ದ ಅದೇ ಮುಖ, ವಿಶೇಷವೇನಿರಲಿಲ್ಲ. ನನ್ನನ್ನೇ ನೋಡಿದ. ದಣಿದ, ಸ್ವಲ್ಪ ಒಡೆದ ದನಿಯಲ್ಲಿ ಕೇಳಿದ: “ನಮ್ ಹುಡ್ಗಿ ಎಲ್ಲಿ ಸಾರ್?”

ನಾನು ಹೆಡ್‌ಫೋನ್ ಕಿತ್ತು ಮೇಜಿನ ಮೇಲಿಟ್ಟೆ. ಅಕ್ಕಪಕ್ಕದ ಹುಡುಗರು ತಮ್ಮ ಪಾಡಿಗೆ ತಾವು ಆಡುತ್ತಿದ್ದರು. ಕಿಟಕಿಯಲ್ಲಿ ಮೂರು ಗಂಟೆಯ ಬಿಸಿಲಿತ್ತು. ಮತ್ತೆ ಪರದೆ ನೋಡುವಷ್ಟರಲ್ಲಿ ಕಾರ್ಖಾನೆ ಖಾಲಿಯಾಗಿತ್ತು.

ಈಗ ನಿಮಗೆ ನಿಜ ಹೇಳಿಬಿಡುತ್ತೇನೆ. ನಾನು ‘ಮರುಕಳಿಸಲಿಲ್ಲ’ ಎಂದೇ ಬರೆದೆ. ಕಂಡಿತು ಎಂದು ಬರೆದರೆ ಅವಳ ಪಕ್ಕದ ಕುರ್ಚಿಯಲ್ಲಿ ನನ್ನನ್ನೂ ಕೂರಿಸುತ್ತಾರೆ ಎಂದು ಹೆದರಿದೆ, ಅಷ್ಟೇ. ಪ್ರತಿ ಸಲದ ಆಟವೂ ವಿಡಿಯೊ ಆಗಿ ದಾಖಲಾಗುತ್ತಿತ್ತು. ಹತ್ತನೆಯದನ್ನು ನೋಡದೆಯೇ ಅಳಿಸಿದೆ. ಹಾಗಾಗಿ ಅದರಲ್ಲಿ ಏನಿತ್ತೆಂದು ನನಗೂ ಗೊತ್ತಿಲ್ಲ. ಸಂಜೆ ನಳಿನಿ ತನ್ನ ಚೀಲ ತೆಗೆದುಕೊಂಡು ಹೋದಳು.

ಎರಡು ವರ್ಷದ ಮೇಲೆ ನಾಗಸಂದ್ರದ ಮೆಟ್ರೊ ನಿಲ್ದಾಣದಲ್ಲಿ ಸಿಕ್ಕಳು. ಮುಖ ಊದಿಕೊಂಡಿತ್ತು, ಮಾತು ನಿಧಾನವಾಗಿತ್ತು. ಬೇರೆ ಏನನ್ನೂ ಕೇಳಲಿಲ್ಲ.

“ಹತ್ತು ಸಲಾನೂ ನೋಡಿದ್ರಾ ಸಾರ್?”

“ನೋಡ್ದೆ.”

“ಏನೂ ಬರ್ಲಿಲ್ವಾ?”

“ಇಲ್ಲಮ್ಮ.”

ಅವಳು ತಲೆಯಾಡಿಸಿದಳು. “ಡಾಕ್ಟ್ರೂ ಅದನ್ನೇ ಅಂದ್ರು. ಮಾತ್ರೆ ಕೊಟ್ಟಿದಾರೆ. ಈಗೇನೂ ಕೇಳ್ಸಲ್ಲ ಸಾರ್. ಅಪ್ಪನ ದನಿ ಹೆಂಗಿತ್ತು ಅಂತಾನೂ ನೆನಪಾಗಲ್ಲ.”

ಸತ್ತವರ ದನಿ ಆ ಗೇಮಿನೊಳಕ್ಕೆ ಹೇಗೆ ಬಂತು, ಅಥವಾ ಬಂದದ್ದು ನನ್ನ ತಲೆಯೊಳಕ್ಕೋ, ಇವತ್ತಿಗೂ ನನಗೆ ಬಗೆಹರಿದಿಲ್ಲ. ಆ ಮನುಷ್ಯನನ್ನು ನಾನು ಬದುಕಿನಲ್ಲಿ ಒಮ್ಮೆಯೂ ನೋಡಿದವನಲ್ಲ. ಆದರೆ ಅವರ ದನಿ ನನಗೆ ಚೆನ್ನಾಗಿ ನೆನಪಿದೆ. ಅದನ್ನು ಅವಳಿಗೆ ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ರೈಲು ಬಂತು, ನಾನು ಹತ್ತಿಕೊಂಡೆ.