ಫಾರಂನಲ್ಲಿ ಇಲ್ಲದ ನನ್ನ ಉಬ್ಬಸ

"ನಿಮಗೆ ಈಗಾಗಲೇ ಯಾವುದಾದರೂ ಕಾಯಿಲೆ ಇದೆಯೇ?"

'ಇಲ್ಲ' ಎಂಬುದರ ಮೇಲೆ ಒತ್ತಿದೆ. ಆಮೇಲೆ ಇನ್ಹೇಲರ್ ತೆಗೆದು ಎರಡು ಸಲ ಎಳೆದುಕೊಂಡೆ.

ಜರ್ಮನಿಗೆ ಓದಲು ಬಂದು ಎಂಟು ದಿನವಾಗಿತ್ತು. ಆರೋಗ್ಯ ವಿಮೆ ಇಲ್ಲದೆ ಇಲ್ಲಿ ಯೂನಿವರ್ಸಿಟಿಗೆ ಸೇರಿಸಿಕೊಳ್ಳುವುದಿಲ್ಲ. ನನಗೆ ಉಳಿದಿದ್ದು ಎರಡೇ ದಿನ.

ದಾರಿ ಎರಡು. ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಲೇಬೇಕಾದ ಸಾರ್ವಜನಿಕ ವಿಮೆ, ಇಲ್ಲವೇ ಅದರ ಅರ್ಧ ದುಡ್ಡಿಗೆ ಸಿಗುವ ಖಾಸಗಿ ಪಾಲಿಸಿ. ಖಾಸಗಿಗೆ ಹೋದರೆ ಓದು ಮುಗಿಯುವವರೆಗೂ ಸಾರ್ವಜನಿಕ ವಿಮೆಗೆ ವಾಪಸ್ ಬರುವಂತಿಲ್ಲ.

ನಾನು ಅರ್ಧ ದುಡ್ಡಿನದನ್ನೇ ಹಿಡಿದೆ. ವಿಮೆ ಎಂದರೆ ಭಯದ ವ್ಯಾಪಾರ ಎಂದು ವಿದ್ಯಾರ್ಥಿ ಸಂಘಟನೆಯ ಜೊತೆ ಮಂಡ್ಯ ಬಸ್ ಸ್ಟ್ಯಾಂಡಿನಲ್ಲಿ ಕರಪತ್ರ ಹಂಚಿದವಳು ನಾನು. ಎಲ್ಲರೂ ಕಳ್ಳರೇ ಆದಮೇಲೆ ಅಗ್ಗದ ಕಳ್ಳನೇ ಸಾಕು ಅನ್ನಿಸಿತ್ತು...

ಫಾರಂ ತುಂಬುವ ಮುಂಚೆ ಭಾವನಿಗೆ ಫೋನ್ ಮಾಡಿದ್ದೆ. ಅಕ್ಕನ ಗಂಡ, ಮಳವಳ್ಳಿಯಲ್ಲಿ ವಿಮೆ ಏಜೆಂಟ್. ನಮ್ಮ ನೆಂಟರ ಪಾಲಿಸಿಗಳೆಲ್ಲ ಅವರ ಕೈಬರಹದಲ್ಲೇ ಇವೆ.

"ಎಲ್ಲಾದ್ಕೂ ನೋ ಅಂತ ಒತ್ಬುಡಮ್ಮ, ಓದ್ತಾ ಕೂರ್ಬೇಡ" ಅಂದರು.

"ದೊಡ್ಡಪ್ಪಂಗೂ ಇಂಗೇ ಬರ್ದಿದ್ರಲ್ಲ ಭಾವ?"



ದೊಡ್ಡಪ್ಪನಿಗೆ ಶುಗರ್ ಇದ್ದರೂ ಭಾವ 'ಇಲ್ಲ' ಎಂದು ಬರೆದಿದ್ದರು. ಕಾಲಿನ ಆಪರೇಷನ್ ಆದಮೇಲೆ ಕ್ಲೇಮ್ ತಿರಸ್ಕಾರವಾಗಿ ವಾಪಸ್ ಬಂತು. ಆವತ್ತು ನಾನು ಭಾವನನ್ನು ಎಲ್ಲರೆದುರು ಮೋಸಗಾರ ಅಂದಿದ್ದೆ. ಅವರು ದೊಡ್ಡಪ್ಪನ ಮಂಚದ ಪಕ್ಕ ತಲೆ ಬಗ್ಗಿಸಿ ಕೂತಿದ್ದರು.

"ನಿಜ ಬರುದ್ರೆ ಪಾಲಿಸಿನೇ ಕೊಡಾಕಿಲ್ಲ ಕಣಮ್ಮ. ಸುಳ್ ಬರುದ್ರೆ ದುಡ್ ಕೊಡಾಕಿಲ್ಲ. ನಾನೇನ್ ಮಾಡ್ಲಿ, ನೀನೇ ಯೋಳು" ಅಂದರು ಭಾವ.

 ಅದಕ್ಕೆ ಉತ್ತರ ನಾನು ಹಂಚಿದ ಯಾವ ಕರಪತ್ರದಲ್ಲೂ ಇರಲಿಲ್ಲ. ಅವರು ಹೇಳಿದಂತೆಯೇ ಒತ್ತಿದೆ.

ಇನ್ನು ಕಳಿಸುವ ಬಟನ್ ಒಂದೇ ಬಾಕಿ... ಅಷ್ಟರಲ್ಲಿ ಅವ್ವನ ವಿಡಿಯೊ ಕಾಲ್.

ಅವ್ವ ಗೆಜ್ಜಲಗೆರೆಯ ಗಾರ್ಮೆಂಟ್ಸ್‌ನಲ್ಲಿ ಟೈಲರ್. ಶಿಫ್ಟ್ ಮುಗಿಸಿ ಮದ್ದೂರಿನಲ್ಲಿ ಇಳಿದಿದ್ದಳು, ಹಿಂದೆ ಬಸ್ಸಿನ ಹಾರನ್.

"ಯಾಕವ್ವ ಅಂಗ್ ಎದೆ ಎಳಿತಾ ಅದೆ? ಸ್ವೆಟರ್ ಆಕಂಡಿಲ್ವಾ?"

ಫಾರಂ ವಿಷಯ ಹೇಳಿದೆ.

"ಉಬ್ಬಸ ಇಟ್ಕಂಡು ಇಲ್ಲ ಅಂತ ಬರುದ್ಯಾ? ಅವ್ರೇನ್ ನಿನ್ನ ನೋಡಾಕ್ ಬಂದಿರೋ ಗಂಡಿನ್ ಕಡೆಯೋರಾ, ಮುಚ್ಚಿಡಾಕೆ?"

ನಕ್ಕುಬಿಟ್ಟೆ. ಗಂಡಿನ ಕಡೆಯವರು ಬಂದ ದಿನ ನನ್ನ ಇನ್ಹೇಲರನ್ನು ಅಕ್ಕಿ ಡಬ್ಬದೊಳಗೆ ಹೂತಿಟ್ಟವಳು ಇವಳೇ. ನಮ್ಮ ಕಡೆ ಹೆಣ್ಣುಮಕ್ಕಳ ಕಾಯಿಲೆ ಮನೆ ಬಾಗಿಲು ದಾಟುವುದಿಲ್ಲ.

"ನಗ್ಬೇಡ ಕಣೆ. ನೀನ್ ಒಳ್ಗೆ ಉಸ್ರು ಕಟ್ಕಂಡು ಒದ್ದಾಡ್ತಿದ್ರೂ, ಅವ್ರು ಎದ್ದೋಗೋಗಂಟ ಡಬ್ಬ ತಗಿನಿಲ್ಲ ನಾನು. ಅದು ತಪ್ಪೇಯ."

ಇಷ್ಟು ವರ್ಷದಲ್ಲಿ ಅವ್ವ ಈ ಮಾತು ಎತ್ತಿದ್ದು ಅದೇ ಮೊದಲು. 

ಅವಳು ಮುಂದುವರಿಸಿದಳು. "ನಮ್ ಇಎಸ್‌ಐ ಥರದ್ದು ಅಲ್ಲಿಲ್ವಾ? ಸಂಬ್ಳದಲ್ಲಿ ಎಲ್ಲಾರ್ದೂ ಇಡ್ಕತರೆ. ನಿನ್ನ ಎಷ್ಟ್ ಸಲ ಆ ಆಸ್ಪತ್ರೆಗೆ ಎತ್ಕಂಡ್ ಓಗಿವ್ನಿ... ಇವಳ್ಗೆ ಮೊದ್ಲೇ ಇತ್ತಾ ಅಂತ ಒಬ್ರಾದ್ರೂ ಕೇಳುದ್ರಾ?"

ಕೇಳಿರಲಿಲ್ಲ.

ಗಟ್ಟಿಯಾಗಿರುವವರೂ ದುಡ್ಡು ಕಟ್ಟಬೇಕು, ಕಾಯಿಲೆಯವರನ್ನು ಯಾರೂ ಹೊರಗೆ ಹಾಕಬಾರದು ಎಂದು ಮೆರವಣಿಗೆಗಳಲ್ಲಿ ಗಂಟಲು ಹರಿಯುವಂತೆ ಕೂಗಿದವಳು ನಾನು. ಅವ್ವನ ಟಿಫಿನ್ ಬ್ಯಾಗಿನಲ್ಲಿದ್ದ ಸವೆದ ಇಎಸ್‌ಐ ಕಾರ್ಡಿನಿಂದಲೇ ನನ್ನ ಉಸಿರು ಉಳಿದಿತ್ತು ಎಂಬುದು ಒಮ್ಮೆಯೂ ಹೊಳೆದಿರಲಿಲ್ಲ. ಅದೇ ಥರದ್ದು ಇಲ್ಲೂ ಇತ್ತು, ದುಬಾರಿ ಅಂತ ನಾನು ಮುಚ್ಚಿಬಿಟ್ಟ ಪುಟದಲ್ಲಿ.

ಖಾಸಗಿ ಫಾರಂ ಅಳಿಸಿ ಸಾರ್ವಜನಿಕ ವಿಮೆಗೆ ಅರ್ಜಿ ಹಾಕಿದೆ. ಮೇಲಿಂದ ಕೆಳಗೆ ಎರಡು ಸಲ ಹುಡುಕಿದೆ. ಕಾಯಿಲೆಯ ಪ್ರಶ್ನೆಯೇ ಇಲ್ಲ! ತಿಂಗಳ ಖರ್ಚು ಬಿಗಿಯಾಗುತ್ತೆ, ಶನಿವಾರ ಒಂದು ಹೋಟೆಲಿನಲ್ಲಿ ಪಾತ್ರೆ ತೊಳೆಯಲು ಹೋಗುತ್ತಿದ್ದೇನೆ. ಇರಲಿ.

ಭಾವನಿಗೂ ತಿಳಿಸಿದೆ. ಮೋಸಗಾರ ಅಂದಿದ್ದಕ್ಕೆ ಕ್ಷಮೆ ಕೇಳಿದೆ. ವಾಯ್ಸ್ ಮೆಸೇಜ್ ಬಂತು:

"ಬುಡಮ್ಮ ಅದ್ನ. ಅಂತಾ ಫಾರಂ ನಂಗೂ ಒಂದ್ ಕೊಡ್ಸು. ಒಂದೂ ಸುಳ್ ಬರೀದಂಗೆ ಇಡೀ ಮಳವಳ್ಳಿನೇ ಸೇರುಸ್ಬುಡ್ತೀನಿ."

ನಿನ್ನೆ ಇಲ್ಲಿನ ಡಾಕ್ಟರ್ ಹತ್ತಿರ ಹೋಗಿದ್ದೆ. ಯಾವಾಗಿನಿಂದ ಎಂದು ಕೇಳಿದರು. ಏಳನೇ ವಯಸ್ಸಿನಿಂದ ಅಂದೆ. ದನಿ ತಗ್ಗಿಸದೆ.

ನಿಮ್ಮ ಮನೆಯ ಪಾಲಿಸಿಯಲ್ಲಿ ಯಾರ ಕಾಯಿಲೆ 'ಇಲ್ಲ' ಅಂತ ಇದೆ?