ಹಿಂದಿನ ಸೀಟಿನ ಅಳತೆ

ಸ್ಕೂಟರಿನ ಹಿಂದಿನ ಸ್ಪ್ರಿಂಗನ್ನು ಮತ್ತೊಮ್ಮೆ ಬದಲಾಯಿಸಿದ ಮೇಲೂ ಅದು ಹಳ್ಳ ಸಿಕ್ಕಲ್ಲೆಲ್ಲ ದಡ್ ಎಂದು ಕೂರುತ್ತಿತ್ತು. ಶಿಡ್ಲಘಟ್ಟದಲ್ಲಿ ನನ್ನ ಗಾಡಿ ನೋಡುವ ಮೆಕ್ಯಾನಿಕ್ ಸಾಬರು ಒಂದು ಸುತ್ತು ಓಡಿಸಿಕೊಂಡು ಬಂದು, ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಾ, "ಗಾಡೀದೇನೂ ತಪ್ಪಿಲ್ಲ ಮೇಡಂ" ಎಂದರು. ಹಾಗೆ ಹೇಳುವಾಗ ಅವರು ನನ್ನ ಕಡೆ ನೋಡದೆ ಎದುರಿನ ಬೇಕರಿಯ ಕಡೆ ನೋಡುತ್ತಿದ್ದರು. ಈ ಮನುಷ್ಯನಿಗೆ ಕೆಲಸ ಮರೆತುಹೋಗಿದೆ ಎಂದುಕೊಂಡೆ.

ನಾನು ಎತ್ತರದ ಹೆಂಗಸು, ದಪ್ಪವೂ ಹೌದು. ಹಿಂದಿನವರಿಗೆ ಬೋರ್ಡು ಕಾಣುವುದಿಲ್ಲವೆಂದು ಹೈಸ್ಕೂಲಿನಲ್ಲೇ ನನ್ನನ್ನು ಕೊನೆಯ ಬೆಂಚಿಗೆ ಕಳಿಸಿದ್ದರು. ಅದರ ಬಗ್ಗೆ ನನಗೆ ದೊಡ್ಡ ಬೇಸರವೇನೂ ಇಲ್ಲ. ರೇಷ್ಮೆ ಇಲಾಖೆಯಲ್ಲಿ ನನ್ನ ಕೆಲಸ. ಹಳ್ಳಿ ಹಳ್ಳಿ ತಿರುಗಿ ಹುಳು ಮನೆಗಳನ್ನು ನೋಡಿ, ರೈತರಿಗೆ ಸಲಹೆ ಹೇಳಿ ಬರಬೇಕು. ಗಟ್ಟಿ ಮೈ ಇದ್ದರೆ ನಾಯಿಗಳೂ ಸ್ವಲ್ಪ ಮರ್ಯಾದೆ ಕೊಡುತ್ತವೆ. ನಾನು ಹೇಳುವ ಸಲಹೆಗಳಲ್ಲಿ ಬಾಯಿಪಾಠವಾಗಿ ಹೋದದ್ದು ಒಂದೇ: ಹುಳು ಪ್ರತಿ ಜ್ವರ ಎದ್ದಾಗಲೂ, ಅಂದರೆ ಹಳೆಯ ಚರ್ಮ ಕಳಚಿದಾಗಲೂ, ದಪ್ಪವಾಗುತ್ತದೆ, ತಟ್ಟೆಯಲ್ಲಿ ಜಾಗ ಬಿಡಿಸಿ, ಒಂದರ ಮೇಲೊಂದು ಬಿದ್ದರೆ ಗೂಡು ಚೆನ್ನಾಗಿ ಕಟ್ಟುವುದಿಲ್ಲ. ಜಾಗ ಬಿಡಿಸದವರನ್ನು ಬೈದೂ ಇದ್ದೇನೆ.

ನನ್ನ ಯಜಮಾನರು ಲೇಡೀಸ್ ಟೈಲರ್. ಮನೆಯ ಮುಂದಿನ ಕೋಣೆಯೇ ಅಂಗಡಿ. ನಮ್ಮ ಕಡೆ ಹೆಂಗಸರು ಟೈಲರಿಗೆ ಮೈ ಅಳತೆ ಕೊಡುವುದು ಕಡಿಮೆ. ಸರಿಹೋಗುವ ಹಳೆಯದೊಂದನ್ನು ತಂದು, ಇದರ ಅಳತೆಗೇ ಹೊಲಿಯಿರಿ ಎಂದು ಕೊಟ್ಟುಹೋಗುತ್ತಾರೆ. ನನ್ನದೂ ಹಾಗೆಯೇ. ಅಳತೆಗೆಂದು ಕೊಟ್ಟ ಹಸಿರು ಚೂಡಿದಾರದ ಟಾಪು ಅಂಗಡಿಯ ಮೊಳೆಗೆ ಎಷ್ಟೋ ವರ್ಷದಿಂದ ನೇತಾಡುತ್ತಿದೆ. ನನ್ನ ಬಟ್ಟೆಯೆಲ್ಲ ಅದರ ಅಳತೆಗೇ ಆಗುವುದು. ವರ್ಷಕ್ಕೊಮ್ಮೆ ಅದನ್ನೇ ತೆಗೆದು ಹಾಕಿಕೊಂಡು ಕನ್ನಡಿಯ ಮುಂದೆ ನಿಲ್ಲುತ್ತೇನೆ. ಪ್ರತಿ ಸಲವೂ ಸರಿಯಾಗಿ ಕೂರುತ್ತದೆ. ನಾನು ದಪ್ಪಗಿದ್ದೇನೆ ಎಂಬುದು ನನಗೆ ಗೊತ್ತಿತ್ತು. ಇನ್ನೂ ದಪ್ಪಗಾಗುತ್ತಿಲ್ಲ ಎಂಬ ಸಮಾಧಾನವನ್ನು ಆ ಟಾಪು ಕೊಡುತ್ತಿತ್ತು. ಓರಗೆಯವರು ಮಂಡಿ ನೋವು, ಮೈ ಭಾರ ಎಂದು ಗೊಣಗುವಾಗ ನಾನು ಸುಮ್ಮನೆ ಸ್ವಲ್ಪ ಬೀಗುತ್ತಿದ್ದೆ.

ಯಜಮಾನರಿಗೆ ಗಾಡಿ ಓಡಿಸಲು ಬರುವುದಿಲ್ಲ. ಕಲಿಯುವ ವಯಸ್ಸಿನಲ್ಲಿ ಮಿಷಿನ್ ತುಳಿಯುತ್ತಾ ಕೂತಿದ್ದೆ ಎನ್ನುತ್ತಾರೆ. ಮದುವೆಯಾದಾಗಿನಿಂದ ನಾನು ಓಡಿಸುವುದು, ಅವರು ಹಿಂದೆ ಕೂರುವುದು. ಅವರ ಅಕ್ಕನ ಮನೆ ಚಿಂತಾಮಣಿಯಲ್ಲಿ. ಭಾನುವಾರ ಅಲ್ಲಿಗೆ ಹೋಗಿ ಊಟ ಮಾಡಿ ಬರುವುದು ನಮ್ಮ ರೂಢಿ. ಮನೆಯಲ್ಲಿ ಅವರು ಮಾತಾಡುವವರೇ ಅಲ್ಲ. ಹಗಲೆಲ್ಲ ಬಾಯಲ್ಲಿ ಗುಂಡುಪಿನ್ನು, ಸಂಜೆ ಸುಸ್ತು. ಆದರೆ ಗಾಡಿ ಊರು ದಾಟಿ ಹಿಪ್ಪುನೇರಳೆ ತೋಟಗಳು ಶುರುವಾದವೋ ಇಲ್ಲವೋ, ನನ್ನ ಕಿವಿಯ ಹತ್ತಿರ ಮಾತು ಶುರು. ಯಾರು ಮಗಳ ಮದುವೆಗೆ ಎಂಥ ಬಟ್ಟೆ ತಂದರು, ಯಾರು ತೋಳು ಗಿಡ್ಡ ಇರಲಿ ಎಂದು ಅತ್ತೆಗೆ ಕಾಣದಂತೆ ಪಿಸುಗುಟ್ಟಿ ಹೋದರು, ಬಾಲ್ಯದಲ್ಲಿ ಕೆರೆಯಲ್ಲಿ ಮುಳುಗಿ ಬದುಕಿದ್ದು, ಎಲ್ಲ. ಆ ಮನುಷ್ಯನ ಬಗ್ಗೆ ನನಗೆ ಗೊತ್ತಿರುವುದರಲ್ಲಿ ಮುಕ್ಕಾಲು ಭಾಗ ಚಿಂತಾಮಣಿ ರಸ್ತೆಯಲ್ಲಿ ಬೆನ್ನ ಹಿಂದಿನಿಂದ ಕೇಳಿದ್ದು.

ಅವರು ಹಿಂದೆ ಕೂರುವುದನ್ನು ಬಿಟ್ಟರು. ಒಂದೇ ಸಲಕ್ಕೆ ಅಲ್ಲ. ಒಂದು ಭಾನುವಾರ ಕೆಲಸ ಇದೆ, ನೀನು ಮುಂದೆ ಹೋಗಿರು, ಬಸ್ಸಿಗೆ ಬರುತ್ತೇನೆ ಎಂದರು. ಮುಂದಿನ ತಿಂಗಳು ಮತ್ತೆ ಹಾಗೆಯೇ. ಆಮೇಲೆ ಅದೇ ಅಭ್ಯಾಸವಾಯಿತು. ಆಂಧ್ರದ ಗಡಿ ಹತ್ತಿರವಾದ್ದರಿಂದ ಅಕ್ಕನ ಮನೆಯಲ್ಲಿ ಅರ್ಧ ತೆಲುಗು. "ಏಂರಾ, ಮಳ್ಳೀ ಬಸ್ಸೇನಾ? ಮತ್ತೆ ಬಸ್ಸಾ? ಹೆಂಡ್ತಿ ಗಾಡಿ ಹತ್ತುಸ್ಕೊಳ್ಳಲ್ವಾ?" ಎಂದು ಅವರು ತಮ್ಮನನ್ನು ಕೆಣಕಿದರೆ ಇವರು ನಕ್ಕು ಕೈಕಾಲು ತೊಳೆಯಲು ಹೋಗುತ್ತಿದ್ದರು. ಹೆಂಡತಿಯ ಹಿಂದೆ ಕೂರಲು ಈಗ, ಈ ವಯಸ್ಸಿನಲ್ಲಿ, ನಾಚಿಕೆ ಬಂದಿದೆ ಎಂದು ನಾನು ತೀರ್ಮಾನಿಸಿದೆ. ಯಾರೋ ಏನೋ ಅಂದಿರಬೇಕು. ನನಗೆ ಬಹಳ ಬೇಸರವಾಯಿತು. ಕೇಳಲಿಲ್ಲ, ಕೇಳಿದರೆ ಹೌದು ಎಂದುಬಿಟ್ಟರೆ ಏನು ಮಾಡುವುದು.

ಕ್ರೂಸರ್ ಬೈಕಿನ ಯೋಚನೆ ಬಂದದ್ದು ಬೆಟ್ಟದ ಬುಡದ ಹಳ್ಳಿ ಕಳವಾರದಲ್ಲಿ. ಬೆಟ್ಟ ಹತ್ತಲು ಬರುವವರು ಅಲ್ಲಿ ಸಾಲಾಗಿ ಗಾಡಿ ನಿಲ್ಲಿಸುತ್ತಾರೆ. ಒಂದು ಬೆಳಿಗ್ಗೆ ಹುಳು ಮನೆ ನೋಡಲು ಹೋದವಳು ಟೀ ಕುಡಿಯುತ್ತಿದ್ದೆ. ನನಗಿಂತಲೂ ದಪ್ಪಗಿದ್ದ ಒಬ್ಬರು ಕಾಲು ಮುಂದಕ್ಕೆ ಚಾಚಿ, ಆರಾಮ ಕುರ್ಚಿಯಲ್ಲಿ ಕೂತ ಹಾಗೆ ಗುಡುಗುಡು ಎಂದು ಬಂದು ನಿಲ್ಲಿಸಿದರು. ಗಾಡಿ ಒಂದಿಷ್ಟೂ ನರಳಲಿಲ್ಲ. ಕೂತು ನೋಡಬಹುದೇ ಎಂದು ಕೇಳಿದೆ. ಪುಣ್ಯಾತ್ಮರು ಇಳಿದು ಹ್ಯಾಂಡಲ್ ಹಿಡಿದುಕೊಂಡರು. ಎರಡೂ ಪಾದ ಪೂರ್ತಿ ನೆಲಕ್ಕೆ ತಾಗಿದವು, ಮಂಡಿ ಎಲ್ಲಿಗೂ ತಗಲಲಿಲ್ಲ. ಇಂಥದ್ದೊಂದು ಗಾಡಿ ನಿಂತಿದ್ದರೆ ಯಾವ ಗಂಡಸಿಗೂ ಹಿಂದೆ ಕೂರಲು ನಾಚಿಕೆಯಾಗದು ಎಂದೂ ಹೊಳೆಯಿತು. ಬೈಕು ನನಗೆ ಬೇಕಾದದ್ದು ಅದಕ್ಕೇ. ಕಿವಿಯ ಹತ್ತಿರದ ಆ ಮಾತು ನನಗೆ ವಾಪಸು ಬೇಕಿತ್ತು.

ಮೊದಲು ಚಿಕ್ಕಬಳ್ಳಾಪುರದ ಶೋರೂಮಿಗೆ ಹೋದೆ. "ಸರ್ ಬಂದಿಲ್ವಾ ಮೇಡಂ?" ಎಂದು ಅಲ್ಲಿಯವರು ಬಾಗಿಲ ಕಡೆ ನೋಡಿದರು.

"ಸರ್‌ಗೆ ಗಾಡಿ ಓಡ್ಸಕ್ಕೆ ಬರಲ್ಲ. ನಂಗೇ ತೋರ್ಸಿ."

ದೊಡ್ಡ ಮೈಯವರಿಗೆ ಎತ್ತರದ ಗಾಡಿ ಎಂದು ಅವರ ಲೆಕ್ಕ. ಒಂದನ್ನು ಹತ್ತಿದೆ, ಕಾಲು ನೆಲಕ್ಕೆ ಎಟುಕಿತು, ಆದರೆ ಮಡಿಸಿ ಇಟ್ಟರೆ ಮಂಡಿ ಟ್ಯಾಂಕಿಗೆ ಒತ್ತಿತು, ಹೊಟ್ಟೆ ಮಡಿಕೆಯಾಯಿತು. ಇನ್ನೊಂದರಲ್ಲಿ ಪಾದ ಇಡುವ ಕಂಬಿ ಎಷ್ಟು ಮುಂದೆ ಇತ್ತೆಂದರೆ ಮೈಯ ಭಾರವೆಲ್ಲ ಸೊಂಟದ ಮೇಲೆಯೇ ಬಿತ್ತು. ನಮ್ಮ ಮಂಡಿಕಲ್ ಕಡೆಯ ರಸ್ತೆಗೆ ಅದನ್ನು ಒಯ್ದರೆ ಬೆನ್ನುಮೂಳೆ ಲೆಕ್ಕಕ್ಕೇ ಸಿಗುವುದಿಲ್ಲ. ಕೂತು ನೋಡಿದರೆ ಸಾಲದು, ಸ್ಟ್ಯಾಂಡಿನಿಂದ ಇಳಿಸಿ ಹಿಂದಕ್ಕೆ ತಳ್ಳಿಯೂ ನೋಡಬೇಕು ಎಂಬುದು ಅಲ್ಲಿ ಗೊತ್ತಾಯಿತು. ಗಾಡಿ ನಮ್ಮನ್ನು ಹೊತ್ತರೂ ಇಳಿಜಾರಿನಲ್ಲಿ ಅದನ್ನು ಹೊರುವವರು ನಾವೇ. ಶೋರೂಮಿನವರು ಬಹಳ ಸಂಕೋಚದಿಂದ, "ನಿಮ್ದು, ಸರ್‌ದು, ಇಬ್ರುದೂ ಸೇರಿ ತೂಕ ಎಷ್ಟಾಗ್ಬೋದು ಮೇಡಂ? ಹಿಂದಿನ್ ಸ್ಪ್ರಿಂಗ್ ಸೆಟ್ಟಿಂಗ್ ನೋಡ್ಬೇಕು" ಎಂದರು. ಹಿಂದೊಮ್ಮೆ ಆರೋಗ್ಯ ಶಿಬಿರದಲ್ಲಿ ತೂಗಿಸಿಕೊಂಡದ್ದನ್ನು ಹೇಳಿದೆ. ಅದು ಯಾವ ಕಾಲದ್ದೆಂದು ನೆನಪಿರಲಿಲ್ಲ. ಹಸಿರು ಟಾಪು ಇನ್ನೂ ಸರಿಹೋಗುತ್ತಿತ್ತಲ್ಲ, ಯೋಚಿಸುವುದೇನಿತ್ತು. ಅವರು ನನ್ನನ್ನು ಒಮ್ಮೆ ನೋಡಿ, "ಸರಿ ಮೇಡಂ" ಎಂದರು.

ಗೌರಿಬಿದನೂರಿನಲ್ಲಿ ಒಂದು ಕೆಂಪು ಕ್ರೂಸರ್ ಇದೆ ಎಂದು ಗೊತ್ತಾಗಿ ಅಲ್ಲಿಗೆ ಹೊರಟಾಗ ಯಜಮಾನರನ್ನೂ ಎಬ್ಬಿಸಿದೆ.

"ನಿಂಗೆ ಸರಿಹೋದ್ರೆ ಆಯ್ತು ಕಣೇ. ನಾನ್ಯಾಕೆ?"

"ಹಿಂದೆ ಕೂರೋರು ನೀವು ತಾನೆ?"

ಅವರು ಅಂಗಿ ಹಾಕಿಕೊಂಡರು. ಬಸ್ಸಿನಲ್ಲಿ ಮುಂದಿನ ಸೀಟಿನ ಹೆಂಗಸಿನ ರವಿಕೆಯ ಹೊಲಿಗೆ ನೋಡುತ್ತಾ ಕೂತಿದ್ದರು.

ಗಾಡಿ ನೋಡಿದ ಕೂಡಲೇ ಮನಸ್ಸಿಗೆ ಬಂತು. ಅಗಲ ಹ್ಯಾಂಡಲ್, ತಗ್ಗು ಸೀಟು, ಪಾದದ ಕಂಬಿ ಅತಿ ಮುಂದೂ ಅಲ್ಲ ಹಿಂದೂ ಅಲ್ಲ. ಸೀಟು ಎರಡು ತುಂಡು: ನನಗೊಂದು ಬಟ್ಟಲು, ಹಿಂದೆ ಸ್ವಲ್ಪ ಎತ್ತರಕ್ಕೆ ಚಿಕ್ಕ ದಿಂಬಿನಂಥದ್ದು. ನಾನು ರಾಣಿಯ ಹಾಗೆ ಕೂತು, "ಹತ್ತಿ" ಎಂದೆ. ಯಜಮಾನರು ಹತ್ತಲಿಲ್ಲ. ಜೇಬಿನಿಂದ ಟೇಪು ತೆಗೆದು ಟ್ಯಾಂಕಿನಿಂದ ಸೀಟಿನ ಏರಿನವರೆಗೆ ಒಮ್ಮೆ, ಅಲ್ಲಿಂದ ಹಿಂದಕ್ಕೆ ಒಮ್ಮೆ ಹಿಡಿದು ನೋಡಿದರು. ನನ್ನನ್ನು ಅಳೆಯಲಿಲ್ಲ.

"ಇದು ಬೇಡ. ಸ್ಕೂಟರ್‌ನಲ್ಲಿ ಕೂತಂಗೆ ಇಲ್ಲೂ ಹಿಂದ್ಗಡೆ ಹಿಡ್ಕೊಳೋ ಕಂಬಿ ಮೇಲೇ ಕೂರ್ಬೇಕಾಗುತ್ತೆ" ಎಂದರು.

"ಸ್ಕೂಟರ್‌ನಲ್ಲಿ ನೀವ್ಯಾವಾಗ ಕಂಬಿ ಮೇಲೆ ಕೂತಿದ್ರಿ?"

ಬಾಯಿಂದ ಜಾರಿದ್ದು ಅವರಿಗೆ ಗೊತ್ತಾಯಿತು. ಟೇಪು ಸುತ್ತಿಕೊಂಡು ಹೊರಗೆ ಹೋದರು. ನಾನು ಹಿಂದೆಯೇ ಹೋಗಿ ರಸ್ತೆಯ ಪಕ್ಕ ನಿಲ್ಲಿಸಿಕೊಂಡೆ. ನನ್ನ ಮೈ ಅಂದಿನಿಂದ ಇಂದಿನವರೆಗೆ ಹಾಗೆಯೇ ಇದೆ, ಹಸಿರು ಟಾಪೇ ಸಾಕ್ಷಿ, ಮೊದಲು ಸಾಲುತ್ತಿದ್ದ ಸೀಟು ಈಗ ಯಾಕೆ ಸಾಲದು, ನಾಚಿಕೆಯಾದರೆ ನಾಚಿಕೆ ಎಂದು ಹೇಳಿ ಎಂದೆಲ್ಲ ಒದರಿದೆ.

"ನಾಚ್ಕೆ ಯಾತಕ್ಕೆ? ಮನೆಗೆ ಹೋಗಿ ಆ ಟಾಪ್ ತಿರುಗ್ಸಿ ನೋಡು" ಎಂದರು.

ಮನೆ ಸೇರಿದವಳೇ ಟಾಪನ್ನು ಮೊಳೆಯಿಂದ ಎಳೆದು ಒಳಮಗ್ಗುಲು ತಿರುಗಿಸಿದೆ. ಟೈಲರುಗಳು ಪಕ್ಕದ ಹೊಲಿಗೆಯ ಒಳಗೆ ಸ್ವಲ್ಪ ಬಟ್ಟೆ ಬಿಟ್ಟಿರುತ್ತಾರೆ, ಮೈ ಬಂದರೆ ಬಿಚ್ಚಿ ಬಿಡಿಸಿಕೊಳ್ಳಲಿ ಎಂದು. ನನ್ನ ಟಾಪಿನಲ್ಲಿ ಆ ಬಟ್ಟೆ ಮುಗಿದುಹೋಗಿತ್ತು. ಹಳೆಯ ಹೊಲಿಗೆಗಳನ್ನು ಬಿಚ್ಚಿದ ಸೂಜಿತೂತುಗಳು ಒಂದರ ಪಕ್ಕ ಒಂದು ಸಾಲಾಗಿ ಇದ್ದವು. ಬಿಸಿಲು ಕಾಣದ ಕಡೆ ಹಸಿರು ಇನ್ನೂ ಗಾಢವಾಗಿತ್ತು. ಕೊನೆಯ ಹೊಲಿಗೆ ಅಂಚಿಗೇ ಬಂದು ನಿಂತಿತ್ತು.

ವರ್ಷವರ್ಷವೂ ನಾನು ಆಫೀಸಿಗೆ ಹೋದಾಗ ಇವರು ಒಂದೊಂದು ಸಾಲು ಬಿಚ್ಚಿ ಹೊಲಿದು, ಮತ್ತೆ ಮೊಳೆಗೆ ಹಾಕಿದ್ದಾರೆ. ನಾನು ಕನ್ನಡಿಯ ಮುಂದೆ ನಿಂತು ಬೀಗಿದ್ದೇನೆ. ಸೀಟಿನಲ್ಲಿ ನಾನು ಹಿಂದೆ ಹಿಂದೆ ಸರಿದ ಹಾಗೆಲ್ಲ ಇವರೂ ಸರಿದು ಸರಿದು, ಕೊನೆಗೆ ಹಿಡಿದುಕೊಳ್ಳುವ ಕಬ್ಬಿಣದ ಕಂಬಿಯ ಮೇಲೆ ಚಿಂತಾಮಣಿಯವರೆಗೆ ಕೂತು ಬಂದಿದ್ದಾರೆ, ಕಿವಿಯಲ್ಲಿ ಕತೆ ಹೇಳುತ್ತಾ. ಸೊಂಟ ಹಿಡಿದುಕೊಂಡ ಮೇಲೆ ಬಸ್ಸು ಹಿಡಿದಿದ್ದಾರೆ.

"ಬಾಯಿಬಿಟ್ಟು ಹೇಳ್ಬೋದಿತ್ತಲ್ರೀ?"

"ಪ್ರತಿ ಸಲಾನೂ ಅದೇ ಅಳತೆ ಅಂತ ನೀನು ಖುಷಿ ಪಡ್ತಿದ್ದೆ. ಹೆಂಗೆ ಹೇಳೋದು?" ಎಂದು ಮಿಷಿನ್ನಿನ ಕಡೆ ತಿರುಗಿ, "ಇನ್ನು ಬಿಚ್ಚಕ್ಕೆ ಬಟ್ಟೆ ಇಲ್ಲ ಕಣೇ. ಈ ವರ್ಷ ಏನ್ ಮಾಡೋದು ಅಂತ ನಾನೇ ಯೋಚ್ನೆ ಮಾಡ್ತಿದ್ದೆ" ಎಂದರು.

ನನಗೆ ಮೈಯೆಲ್ಲ ಉರಿಯಿತು. ನನ್ನ ಮೈಯ ಸಂಗತಿ ಮೆಕ್ಯಾನಿಕ್ಕಿಗೆ ಗೊತ್ತು, ಶೋರೂಮಿನವರಿಗೆ ಗೊತ್ತು, ಮನೆಯ ಮೊಳೆಗೂ ಗೊತ್ತು; ನನಗೊಬ್ಬಳಿಗೇ ಗೊತ್ತಿಲ್ಲ. ಚಿಕ್ಕ ಮಗುವನ್ನು ಸಾಕಿದ ಹಾಗೆ ಸಾಕಿದ್ದಾರೆ ಎಂದು ಸಿಟ್ಟು. ಅದರ ಜೊತೆಗೇ ಅಷ್ಟೊಂದು ಸಾಲು ಹೊಲಿಗೆಯನ್ನು ಯಾರಿಗೋಸ್ಕರ ಬಿಚ್ಚಿದರು ಎಂಬುದೂ ಕಣ್ಣೆದುರಿಗೆ ಇತ್ತು. ಅವತ್ತು ಅಡುಗೆ ಮಾಡಲಿಲ್ಲ. ಅವರೇ ಹೋಗಿ ಇಡ್ಲಿ ತಂದರು, ತಿಂದೆ.

ಮಾರನೆಯ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವ ಮುಂಚೆ ಹೋಗಿ ಅವರ ಮುಂದೆ ಕೈ ಅಗಲಿಸಿ ನಿಂತೆ.

"ಅಳೀರಿ. ಜೋರಾಗಿ ಹೇಳ್ಬೇಕು."

ಅವರು ಟೇಪು ತೆಗೆದುಕೊಂಡರು. ಆಮೇಲೆ ಎದೆ, ಸೊಂಟ, ಕೆಳಗಿನ ಸುತ್ತು, ಒಂದೊಂದನ್ನೂ ಹೇಳಿದರು, ಮೊದಲು ಮೆಲ್ಲಗೆ, ನಾನು ಕಣ್ಣು ಬಿಟ್ಟ ಮೇಲೆ ಜೋರಾಗಿ. ಕೇಳಲು ಅಂದುಕೊಂಡಷ್ಟು ಕಷ್ಟವಾಗಲಿಲ್ಲ. ಹುಳಗಳಿಗೆ ಜಾಗ ಬಿಡಿಸಿ ಎಂದು ಊರೂರು ತಿರುಗಿ ಬೈಯುವವಳು ನಾನು. ನನ್ನ ಬೆನ್ನ ಹಿಂದಿನ ತಟ್ಟೆಯನ್ನು ಒಮ್ಮೆಯೂ ತಿರುಗಿ ನೋಡಿರಲಿಲ್ಲ. ಅದೇ ದಿನ ಗೊಬ್ಬರದಂಗಡಿಯ ತಕ್ಕಡಿಯ ಮೇಲೆ ಇಬ್ಬರೂ ಹತ್ತಿ ತೂಕವನ್ನೂ ನೋಡಿಕೊಂಡೆವು.

ನಿಜವಾದ ಅಳತೆ ಇಟ್ಟುಕೊಂಡು ಹೊರಟ ಮೇಲೆ ಗಾಡಿ ಆರಿಸುವುದು ಬೇಗ ಮುಗಿಯಿತು. ಕೆಂಪು ಗಾಡಿಯ ಆಸೆ ಬಿಟ್ಟೆ. ಚಿಕ್ಕಬಳ್ಳಾಪುರದಲ್ಲೇ ಇನ್ನೊಂದಿತ್ತು, ಮೊದಲ ದಿನ ನಾನು ತಿರುಗಿಯೂ ನೋಡದ ಬೂದು ಬಣ್ಣದ್ದು. ನೋಡಲು ಎಮ್ಮೆ. ಆದರೆ ಏರಿಳಿತವಿಲ್ಲದ ಉದ್ದನೆಯ ಒಂದೇ ಸೀಟು, ಬೆನ್ನಿಗೆ ಒರಗು ಹಾಕಿಸಿಕೊಳ್ಳಬಹುದು, ಹಿಂದಿನ ಸ್ಪ್ರಿಂಗನ್ನು ನಮ್ಮ ತೂಕಕ್ಕೆ ಬಿಗಿ ಮಾಡಿಕೊಟ್ಟರು. ತೂಕ ಹೇಳಿದಾಗ ಶೋರೂಮಿನವರು ಈ ಸಲ ನನ್ನನ್ನು ನೋಡಲಿಲ್ಲ, ಸ್ಪ್ಯಾನರ್ ತರಲು ಹೋದರು. ಯಜಮಾನರು ಸೀಟಿಗೆ ಟೇಪು ಹಿಡಿದು ತಲೆಯಾಡಿಸಿದರು.

ಮುಂದಿನ ಭಾನುವಾರ ಚಿಂತಾಮಣಿಗೆ ಹೊರಟೆವು. ಅವರು ನನ್ನ ಭುಜ ಹಿಡಿದು ಹತ್ತಿ, ಅತ್ತಿತ್ತ ಸರಿದು ಕೂತರು. ಪೇಟೆ ದಾಟಿದೆವು. ತೋಟಗಳು ಶುರುವಾದವು. ಮಾತಿಲ್ಲ. ಬಸ್ಸಿನಲ್ಲಿ ಹೋಗಿ ಹೋಗಿ ಆ ಅಭ್ಯಾಸವೇ ತಪ್ಪಿಹೋಗಿದೆ ಎಂದು ನನಗೆ ಹೆದರಿಕೆಯಾಯಿತು. ಗಾಡಿಯ ಸದ್ದಿನಲ್ಲಿ ಕೇಳಿಸದೆ ಹೋದರೆ ಎಂದು ವೇಗವನ್ನೂ ಕಮ್ಮಿ ಮಾಡಿದೆ. ಕೆರೆಯ ಏರಿಯ ಮೇಲೆ ಬಂದಾಗ ಕಿವಿಯ ಹತ್ತಿರ ಉಸಿರು ಬಿಸಿಯಾಯಿತು.

"ನನ್ನ ಹಿಂದೆ ಇನ್ನೂ ನಾಲ್ಕು ಬೆರಳು ಜಾಗ ಇದೆ ಕಣೇ" ಎಂದರು. "ಹೊಲಿಗೆ ಒಳಗೆ ಬಟ್ಟೆ ಬಿಟ್ಟಂಗೆ, ಅದನ್ನ ನಿಂಗೇ ಅಂತ ಬಿಟ್ಟಿದ್ದೀನಿ."

ಆಮೇಲೆ, ಮೊನ್ನೆ ಅಂಗಡಿಗೆ ಬಂದಿದ್ದ ಒಬ್ಬ ಅತ್ತೆ ಸೊಸೆಯ ಕತೆ ಶುರುಮಾಡಿದರು.