ಹಸಿ ಸೊಪ್ಪಿನ ಚಪ್ಪರದಲ್ಲಿ ಕಾಡಿನ ಪಾಠ

"ಒಂದು ಕೊಂಬೆ ಕಡಿದ್ರೂ ಪಾಪ!" ಅಂತ ರೇಂಜರ್ ಸಾಹೇಬ್ರು ಮೈಕಲ್ಲಿ ಅರ್ಧ ತಮಿಳು ಬೆರೆಸಿ ಕೂಗ್ತಿದ್ರು. ಎಂಬತ್ತರ ದಶಕದಲ್ಲಿ, ತಮಿಳುನಾಡಿಗೆ ಸೇರಿದ ತಾಳವಾಡಿ ಬೆಟ್ಟದ ನಮ್ಮ ಕನ್ನಡದೂರಿಗೆ ಕಾಡಿನ ಪರಿಚಯ ಮಾಡಿಸೋ ಶಿಬಿರ ಅದು. ಕಾಡಲ್ಲೇ ಹುಟ್ಟಿದೋರಿಗೆ ಪರಿಚಯ ಬೇಡ್ವಾ ಮತ್ತೆ!

ಅಷ್ಟರಲ್ಲಿ ಗಾರ್ಡು ನಮ್ಮ ಚಿಕ್ಕವ್ವನ್ನ ಹಿಡ್ಕೊಂಡು ಬಂದ. ಒಣ ಸೌದೆ ತರ್ತಿದ್ಲು ಅಂತ ಮನೇಲಿದ್ದ ಒಂದೇ ಮಚ್ಚು ಕಿತ್ಕೊಂಡಿದ್ದ. ಅದಿಲ್ದಿದ್ರೆ ಒಲೆ ಉರಿಯಲ್ಲ.

ಚಿಕ್ಕವ್ವ ತಲೆ ಎತ್ತಿ ಚಪ್ಪರ ನೋಡಿದ್ಲು. ಸಾಹೇಬ್ರಿಗೆ ಬಿಸಿಲು ತಾಗ್ಬಾರ್ದು ಅಂತ ಊರೋರು ಬೆಳಗ್ಗೆ ತಾನೆ ಕಾಡಿಂದ ಕೊಂಬೆ ಕಡಿದು ತಂದು ಹೊದಿಸಿದ್ರು.

"ನಂದು ಒಣಗಿದ್ದು ಸಾಮಿ. ನಿಮ್ ತಲೆ ಮ್ಯಾಲಿರೋದು ಅಸಿ ಸೊಪ್ಪು. ಅದ್ಕೆ ಯಾರ ಮಚ್ಚ ಕಿತ್ಕಂಡ್ರಿ?"

ಸಾಹೇಬ್ರು ಕೆಮ್ಮಿದ್ರು. ಮಚ್ಚು ವಾಪಸ್ ಬಂತು.

ಆಮೇಲೂ ಶಿಬಿರಗಳು ಬೇಕಾದಷ್ಟು ನಡೆದ್ವು. ಊರೋರ್ನೆಲ್ಲ ಪ್ರೀತಿಯಿಂದ ಕರೀತಿದ್ರು, ನಮ್ಮ ಚಿಕ್ಕವ್ವ ಒಬ್ಳನ್ನ ಬಿಟ್ಟು.